ಬೇಸಿಗೆಯಲ್ಲಿ ಕಾದಂಬರಿ: ದಿನದ ಗುರಿಯೋ, ವಾರದ ಗುರಿಯೋ?

ಏಪ್ರಿಲ್, ಮೇ ಬಂತೆಂದರೆ ಮದುವೆ, ಗೃಹಪ್ರವೇಶ, ಊರಿನ ಓಡಾಟ, ಮನೆ ತುಂಬ ನೆಂಟರ ಮಕ್ಕಳು. ಅರ್ಧಕ್ಕೆ ಬಂದ ಕಾದಂಬರಿಯನ್ನು ಈ ಎರಡು ತಿಂಗಳು ಯಾವ ಲೆಕ್ಕದಲ್ಲಿ ನಡೆಸಬೇಕು?

ದಿನಕ್ಕೆ 400 ಪದ ಎಂಬ ಗುರಿ ಊರು ಬಿಟ್ಟು ಕದಲದವರಿಗೆ ಸರಿ. ಬಿಸಿಲೇರುವ ಮುನ್ನ, ಬೆಳಿಗ್ಗೆ 5ರಿಂದ 6.30, ಮೊಬೈಲ್ ಬೇರೆ ಕೋಣೆಯಲ್ಲಿ. ಪಾತ್ರಗಳ ದನಿ ಕಿವಿಯಲ್ಲೇ ಇರುವುದರಿಂದ ಹಿಂದಿನದನ್ನು ಮತ್ತೆ ಓದುತ್ತ ಕೂರಬೇಕಿಲ್ಲ. ಎಡವಟ್ಟಾಗುವುದು ಪ್ರಯಾಣದಲ್ಲಿ. ಮೂರು ದಿನ ತಪ್ಪಿದರೆ 1,200 ಪದ ಬಾಕಿ. ಅದನ್ನು ಒಂದೇ ದಿನ ತೀರಿಸಹೊರಟರೆ ಬರೀ ಎಳೆದಾಡಿದ ಸಂಭಾಷಣೆ. ಆ ಬಾಕಿಯನ್ನು ಮನ್ನಾ ಮಾಡಿಬಿಡಿ.

ವಾರಕ್ಕೆ ಎರಡು ದೃಶ್ಯ ಎಂಬ ಗುರಿ ತಿರುಗಾಟದವರಿಗೆ ವಾಸಿ. ಆದರೆ ಎಲ್ಲವನ್ನೂ ಭಾನುವಾರಕ್ಕೆ ತಳ್ಳುವ ಚಾಳಿ ಹತ್ತುತ್ತದೆ, ಮದುವೆಗಳೂ ಭಾನುವಾರವೇ! ಗುರುವಾರದೊಳಗೆ ಒಂದು ದೃಶ್ಯ ಮುಗಿಯಲಿ. ಹೊರಡುವ ಹಿಂದಿನ ರಾತ್ರಿ ಇನ್ನೊಂದನ್ನು ಮಧ್ಯದಲ್ಲೇ ನಿಲ್ಲಿಸಿ, ಕೆಳಗೆ ಮೂರು ಸಾಲು ಬರೆದಿಡಿ: ಯಾರಿದ್ದಾರೆ, ಏನು ಬೇಕಾಗಿದೆ, ಅಡ್ಡಿ ಯಾವುದು. ವಾರ ಬಿಟ್ಟು ಬಂದರೂ ಎಳೆ ಸಿಗುತ್ತದೆ.

ಶಿರಾಡಿ, ಚಾರ್ಮಾಡಿ ತಿರುವುಗಳಲ್ಲಿ ಪರದೆ ನೋಡಿದರೆ ತಲೆಸುತ್ತು; ಅಲ್ಲಿ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ. ರೈಲಿನಲ್ಲಾದರೆ ನೋಟ್‌ಬುಕ್ ಸಾಕು.

‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪಿಸಿದ ಕಡತ ಫೋನಿನಲ್ಲಿ ತೆರೆದರೆ ಅರ್ಥವಾಗದ ಗುರುತುಗಳಷ್ಟೇ ಕಾಣುತ್ತವೆ. ಹೊರಡುವ ಮುನ್ನ ಯೂನಿಕೋಡ್‌ಗೆ ಬದಲಿಸಿ, ಅರ್ಕಾವತ್ತು, ಒತ್ತಕ್ಷರ ಕೆಟ್ಟಿಲ್ಲವೇ ಎಂದು ಎರಡು ಪುಟ ಓದಿ ನೋಡಿ. ಮೂಲ ಕಡತ ಅಳಿಸಬೇಡಿ.