ಕ್ಲೋರಿನ್ ತೆಗೆಯುವ ದ್ರವ: ಮೂರು ವರ್ಷ ಬಳಸಿದ ಮೇಲೆ

ಮನೆಯಲ್ಲಿ ಒಂದು ಮರಗಪ್ಪೆ, ಒಂದು ಆಕ್ಸೊಲಾಟಲ್ (ಕಿವಿರಿಟ್ಟುಕೊಂಡು ನೀರಿನಲ್ಲೇ ಬದುಕುವ ಉಭಯಚರ), ಒಂದು ಆಮೆ ಇವೆ. ಮೂರಕ್ಕೂ ನಲ್ಲಿ ನೀರೇ. ನೀರಿನ ಕ್ಲೋರಿನ್ ತೆಗೆಯಲು ಸೀಕೆಮ್ ಪ್ರೈಮ್ ಅನ್ನುವ ದ್ರವ ಬಳಸಲು ಶುರು ಮಾಡಿ ಮೂರು ವರ್ಷ ಆಯ್ತು, ಈಗ ಎರಡನೇ ಬಾಟಲಿ.

ಮೊದಲು ತಂದಿದ್ದು ಬೇರೆ, ಹೆಸರು ಬೇಡ ಬಿಡಿ. ಲೇಬಲ್ ಮೇಲೆ ದೊಡ್ಡದಾಗಿ ಲೋಳೆಸರದ ಚಿತ್ರ. ಮೀನಿನ ಮೈಮೇಲಿನ ಲೋಳೆಗೆ ಒಳ್ಳೆಯದಂತೆ, ಹಾಗಾದರೆ ಆಕ್ಸೊಲಾಟಲ್‌ಗೂ ಒಳ್ಳೆಯದೇ ಅಲ್ವಾ ಅಂದುಕೊಂಡು ಹಾಕಿದೆ. ಸಂಜೆ ನೋಡಿದರೆ ಕಿವಿರು ಮುಂದಕ್ಕೆ ಬಾಗಿದೆ, ಬಾಲದ ತುದಿ ಕೊಕ್ಕೆಯ ಹಾಗೆ ಸುತ್ತಿಕೊಂಡಿದೆ, ಅದಕ್ಕೆ ಹಿಂಸೆಯಾಗುತ್ತಿದೆ ಅನ್ನುವ ಲಕ್ಷಣ. ತಕ್ಷಣ ನೀರು ಬದಲಿಸಿದೆ. ಲೋಳೆಸರದ್ದೇ ತಪ್ಪು ಅಂತ ಆಣೆ ಮಾಡಿ ಹೇಳಲಾರೆ, ಆದರೆ ಉಭಯಚರ ಸಾಕುವವರು ಅಂಥ ಬಾಟಲಿಯಿಂದ ದೂರ ಇರುವುದು ಯಾಕೆ ಅಂತ ಆಮೇಲೆ ಅರ್ಥವಾಯಿತು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ನಮ್ಮದು ರಾತ್ರಿ ಇಳಿದು ಬಂದು ಬಟ್ಟಲಿನಲ್ಲಿ ಹೊಟ್ಟೆ ಒತ್ತಿ ಕಣ್ಣು ಅರೆಮುಚ್ಚಿ ಕೂರುತ್ತದೆ, ಅದೇ ಅದರ ಕುಡಿಯುವಿಕೆ. ನೀರಿನಲ್ಲಿ ಏನಿದೆಯೋ ಅದು ಚರ್ಮದಿಂದ ಒಳಗೆ.

ಬಕೆಟ್ ನೀರನ್ನು ಒಂದು ದಿನ ಸುಮ್ನೆ ಇಟ್ಟರೆ ಸಾಕಲ್ಲ ಅನ್ನುವವರಿದ್ದಾರೆ. ಕ್ಲೋರಿನ್ ಹಾರಿಹೋಗುತ್ತದೆ ನಿಜ, ಕ್ಲೋರಮೈನ್ ಹೋಗುವುದಿಲ್ಲ. ಅದು ಕ್ಲೋರಿನ್ನು ಅಮೋನಿಯ ಸೇರಿ ಆದದ್ದು. ಕ್ಲೋರಿನ್ ತೆಗೆಯುವ ಸೋಡಿಯಂ ಥಯೊಸಲ್ಫೇಟ್ ಒಂದೇ ಇರುವ ಬಾಟಲಿ ಕ್ಲೋರಿನ್ ಭಾಗವನ್ನು ಮುಗಿಸಿ ವಿಷಕಾರಿ ಅಮೋನಿಯವನ್ನು ನೀರಿನಲ್ಲೇ ಬಿಟ್ಟುಬಿಡುತ್ತದೆ. ನಿಮ್ಮ ನೀರಿಗೆ ಯಾವುದು ಹಾಕುತ್ತಾರೆ ಅಂತ ನೀರು ಬಿಡುವವರನ್ನೇ ಕೇಳಿ, ಬಾಟಲಿ ಆಮೇಲೆ ತನ್ನಿ. ಪ್ರೈಮ್ ಲೇಬಲ್ ಅಮೋನಿಯವನ್ನೂ ಹಿಡಿದಿಡುತ್ತೇನೆ ಅನ್ನುತ್ತದೆ. ಅದನ್ನೇ ನಂಬಿ ಫಿಲ್ಟರ್ ಮರೆತರೆ ಕೆಟ್ಟಿರಿ.

ಅಳತೆಯೇ ತಲೆನೋವು. 200 ಲೀಟರಿಗೆ 5 ಮಿಲಿ ಅಂತ ಇದೆ, ನನ್ನದು 10 ಲೀಟರ್ ಬಕೆಟ್, ಅಂದರೆ ಕಾಲು ಮಿಲಿ! ಮೊದಮೊದಲು ಕಣ್ಣಂದಾಜಿನಲ್ಲಿ ಸುರಿದು ಜಾಸ್ತಿ ಮಾಡಿಕೊಳ್ಳುತ್ತಿದ್ದೆ. ಈಗ ಸೂಜಿ ಇಲ್ಲದ 1 ಮಿಲಿ ಸಿರಿಂಜ್ ಬಾಟಲಿಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದೇನೆ. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ, ಕೆಟ್ಟಿದೆ ಅಂತ ಎಸೆಯಬೇಡಿ, ಗಂಧಕದ್ದು, ಇದರ ಸ್ವಭಾವವೇ ಅದು.

ಆಮೆಗೆ? ಚಿಪ್ಪು, ದಪ್ಪ ಚರ್ಮ, ಉಸಿರಾಟ ಶ್ವಾಸಕೋಶದಿಂದ. ಅಷ್ಟು ಬೇಗ ಏನೂ ಆಗುವುದಿಲ್ಲ. ಆದರೆ ಕ್ಲೋರಿನ್ ಫಿಲ್ಟರಿನಲ್ಲಿದ್ದು ಕೊಳೆ ಕರಗಿಸುವ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ, ನಾಲ್ಕು ದಿನದಲ್ಲಿ ತೊಟ್ಟಿ ನಾರುತ್ತದೆ. ಆಮೆ ಒಂದೇ ಇದ್ದಿದ್ದರೆ ಯಾವುದೋ ಒಂದು ತಂದು ಹಾಕುತ್ತಿದ್ದೆ. ಆಕ್ಸೊಲಾಟಲ್ ಇರುವ ತನಕ ಇದೇ ಬಾಟಲಿ, ಇದೇ ಸಿರಿಂಜ್.