ಎಕ್ಸ್‌ಟ್ರಾ ಹಾಸಿಗೆಗೆ ದುಡ್ಡು ಕೇಳುವ ಮೂರು ದಾರಿ: ನನ್ನ ಓಟು ತಲೆ ಲೆಕ್ಕಕ್ಕೆ

ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದಿಂದ ಸ್ವಲ್ಪ ಒಳಗೆ, ತೋಟದ ಮನೆಯಲ್ಲಿ ನಮ್ಮದು ಮೂರು ರೂಮಿನ ಹೋಮ್‌ಸ್ಟೇ. ರೂಮಿಗೆ ಎಷ್ಟು ಬಾಡಿಗೆ ಇಡಬೇಕು ಅನ್ನುವುದು ದೊಡ್ಡ ವಿಷಯವೇ ಅಲ್ಲ. ಅಕ್ಕಪಕ್ಕದವರು ಎಷ್ಟು ಇಟ್ಟಿದ್ದಾರೋ ಅದರ ಆಸುಪಾಸಿನಲ್ಲಿ ಇಟ್ಟರಾಯಿತು. ತಲೆನೋವು ಶುರುವಾಗುವುದು ಅದರ ಮೇಲಿನದಕ್ಕೆ. ಎಕ್ಸ್‌ಟ್ರಾ ಹಾಸಿಗೆ, ರಾತ್ರಿ ಹತ್ತಕ್ಕೆ ಕ್ಯಾಂಪ್‌ಫೈರ್, ಮಧ್ಯಾಹ್ನ ಮೂರಾದರೂ ರೂಮು ಬಿಡದವರು, ಡ್ರೈವರ್ ಊಟ.

ಇದಕ್ಕೆಲ್ಲ ದುಡ್ಡು ಕೇಳಲು ಮೂರು ಪದ್ಧತಿ ಮಾಡಿ ನೋಡಿದ್ದೇನೆ. ಹೊರಡುವಾಗ ಬಿಲ್ ಕೊಡುವುದು. ಏರ್‌ಬಿಎನ್‌ಬಿಯಂಥ ಬುಕಿಂಗ್ ಆ್ಯಪ್‌ನಲ್ಲೇ ಎಕ್ಸ್‌ಟ್ರಾ ದರ ಹಾಕಿಡುವುದು. ಊಟ ತಿಂಡಿ ಎಲ್ಲ ಸೇರಿಸಿ ತಲೆಗಿಷ್ಟು ಅಂತ ಹೇಳುವುದು. ಈಗ ನಾವಿರುವುದು ಮೂರನೆಯದರಲ್ಲಿ. ಬಿಡುವ ಯೋಚನೆಯೂ ಇಲ್ಲ.

ಮೊದಲು ಹಾಸಿಗೆಯ ವಿಷಯ ಹೇಳಿಬಿಡುತ್ತೇನೆ. "ಒಂದು ಹಾಸಿಗೆ ಹಾಕೋಕೆ ಏನಾಗುತ್ತೆ ಅಕ್ಕ, ಸುಮ್ನೆ ಮೂಲೇಲಿ ಮಲಗ್ತಾನೆ" ಅನ್ನುವವರು ಜುಲೈನಲ್ಲಿ ನಮ್ಮ ಮನೆಯ ಹಿಂದಿನ ಜಗಲಿ ನೋಡಬೇಕು. ಮಳೆಗಾಲದಲ್ಲಿ ಒಗೆದ ಬೆಡ್‌ಶೀಟು ಒಂದು ವಾರವಾದರೂ ಒಣಗುವುದಿಲ್ಲ. ಒಲೆಯ ಮೇಲಿನ ಅಟ್ಟದ ಹತ್ತಿರ ಹಗ್ಗ ಕಟ್ಟಿ ಒಣಗಿಸಿದರೆ ಹೊಗೆ ವಾಸನೆ. ಚಾರಣ ಮುಗಿಸಿ ಬಂದವರ ಕಾಲಿಗೆ ಇಂಬಳ (ಜಿಗಣೆ) ಕಚ್ಚಿ, ಆ ರಕ್ತ ಹಾಸಿಗೆಗೂ ಹತ್ತಿರುತ್ತದೆ. ಅದು ಬಿಸಿನೀರಿಗೆ ಹಾಕಿದರೆ ಇನ್ನೂ ಗಟ್ಟಿಯಾಗಿ ಕೂರುತ್ತದೆ, ತಣ್ಣೀರಲ್ಲೇ ಉಜ್ಜಬೇಕು. ಕಂಬಳಿಗೆ ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ಳಬೇಕು. ಒಬ್ಬರು ಜಾಸ್ತಿ ಬಂದರು ಅಂದರೆ ಇಷ್ಟು ಕೆಲಸ. ಅದಕ್ಕೆ ದುಡ್ಡು ಕೇಳುವುದರಲ್ಲಿ ನನಗೆ ಸಂಕೋಚ ಇಲ್ಲ. ಕೇಳುವುದು ಯಾವಾಗ ಅನ್ನುವುದೇ ಪ್ರಶ್ನೆ.

ಹೊರಡುವಾಗ ಬಿಲ್ ಕೊಡುವುದು ಎಲ್ಲಕ್ಕಿಂತ ಸುಲಭ ಅನ್ನಿಸುತ್ತದೆ. ಪುಸ್ತಕದಲ್ಲಿ ಬರೆದಿಡುವುದು, ಕೊನೆಗೆ ಕೂಡಿ ಹೇಳುವುದು. ನ್ಯಾಯವೂ ಹೌದು, ಬಳಸಿದ್ದಕ್ಕಷ್ಟೇ ದುಡ್ಡು. ಆದರೆ ಆ ಹೊತ್ತು ಹೇಗಿರುತ್ತದೆ ಅಂದರೆ, ಕಾರು ಸ್ಟಾರ್ಟ್ ಆಗಿರುತ್ತದೆ, ಮಕ್ಕಳು ಒಳಗೆ ಕೂತು ಹಾರ್ನ್ ಒತ್ತುತ್ತಿರುತ್ತಾರೆ, ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳದ ದರ್ಶನಕ್ಕೆ ಹೊತ್ತಾಗುತ್ತಿರುತ್ತದೆ. ಎರಡು ದಿನ ನಗುನಗುತ್ತಾ ಅಕ್ಕಿ ರೊಟ್ಟಿ ತಿಂದವರ ಮುಂದೆ ಹೋಗಿ "ಕಟ್ಟಿಗೆ ಐನೂರು, ಹಾಸಿಗೆ ಆರುನೂರು" ಅಂದರೆ ಮುಖ ಚಿಕ್ಕದಾಗುತ್ತದೆ. "ಇದನ್ನ ಮೊದಲೇ ಹೇಳಬೇಕಿತ್ತು ಅಲ್ವಾ ಆಂಟಿ?" ಅನ್ನುತ್ತಾರೆ. ನಾವು ಹೇಳಿಯೇ ಇರುತ್ತೇವೆ. ಆದರೆ ಫೋನು ಮಾಡಿ ಬುಕ್ ಮಾಡಿದವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು. ಅವರಿಗೆ ಇವರು ಹೇಳಿರುವುದಿಲ್ಲ.

ಕೊಡಲು ಒಪ್ಪಿದರೂ ಮುಗಿಯುವುದಿಲ್ಲ. ನಮ್ಮಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಗೇಟಿನ ಹತ್ತಿರದ ಹಲಸಿನ ಮರದ ಕೆಳಗೆ. ವೈಫೈ ಇದೆ, ಕರೆಂಟ್ ಹೋದರೆ ಅದೂ ಇಲ್ಲ. ಯುಪಿಐ ಚಕ್ರ ತಿರುಗುತ್ತಾ ನಿಲ್ಲುತ್ತದೆ. "ಊರು ತಲುಪಿ ಹಾಕ್ತೀವಿ" ಅಂದವರಲ್ಲಿ ಹೆಚ್ಚಿನವರು ಹಾಕಿದ್ದಾರೆ, ಸುಳ್ಳು ಹೇಳಬಾರದು. ಹಾಕದವರಿಗೆ ಮತ್ತೆ ಫೋನು ಮಾಡಿ ಆರುನೂರು ರೂಪಾಯಿ ಕೇಳುವುದು ಮಾತ್ರ ನನ್ನಿಂದಾಗದ ಕೆಲಸ. ನಮ್ಮ ಯಜಮಾನರಿಂದ ಅದು ಮೊದಲೇ ಆಗುವುದಿಲ್ಲ. ಬಿಲ್ ಬರೆದು ನನ್ನ ಕೈಗೆ ಕೊಟ್ಟು ಅವರು ತೋಟಕ್ಕೆ ಹೋಗಿಬಿಡುತ್ತಾರೆ.

ಆ್ಯಪ್ ದಾರಿಯಲ್ಲಿ ಈ ಮುಖ ನೋಡುವ ಕಷ್ಟ ಇಲ್ಲ. ರೂಮಿಗೆ ಇಬ್ಬರು, ಅದರ ಮೇಲೆ ಒಬ್ಬೊಬ್ಬರಿಗೆ ರಾತ್ರಿಗೆ ಇಷ್ಟು ಅಂತ ಹಾಕಿಟ್ಟರೆ ಬುಕ್ ಮಾಡುವಾಗಲೇ ಸೇರಿಕೊಳ್ಳುತ್ತದೆ. ಅತಿಥಿಗಳು ಸಂಖ್ಯೆ ಸರಿಯಾಗಿ ಹಾಕಿದರೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಎಷ್ಟೋ ಜನ ಇಬ್ಬರು ಅಂತಲೇ ಹಾಕುತ್ತಾರೆ. ಇನ್ನೋವಾದ ಬಾಗಿಲು ತೆಗೆದಾಗ ಇಳಿಯುವವರು ನಾಲ್ಕು ಜನ, ಜೊತೆಗೊಂದು ಅಜ್ಜಿ.

ಆಗ ನಾನು ಆ್ಯಪ್‌ನಲ್ಲಿ ಬುಕಿಂಗ್ ಬದಲಾವಣೆಯ ಕೋರಿಕೆ ಕಳಿಸಬೇಕು. ಅದನ್ನು ಅವರು ಒಪ್ಪಬೇಕು. ಒಪ್ಪಲು ಅವರ ಫೋನಿಗೆ ಸಿಗ್ನಲ್ ಬೇಕು. ಅಂದರೆ ಎಂಟು ಗಂಟೆ ಕಾರಲ್ಲಿ ಕೂತು ಸುಸ್ತಾಗಿ ಬಂದವರನ್ನು, ಬಾಯಿಗೆ ನೀರೂ ಕೊಡದೆ, ಮಳೆಯಲ್ಲಿ ಹಲಸಿನ ಮರದ ಕೆಳಗೆ ಕರೆದುಕೊಂಡು ಹೋಗಿ "ಇಲ್ಲಿ ಒತ್ತಿ" ಅನ್ನಬೇಕು. ಸರಿ, ಕಾಫಿ ಕುಡಿದ ಮೇಲೆ ನೋಡೋಣ ಅಂದುಕೊಂಡರೆ ಅವರು ಮಲಗಿರುತ್ತಾರೆ. ಬೆಳಿಗ್ಗೆ ಎತ್ತಿನಭುಜ ಹತ್ತಲು ಹೋಗಿರುತ್ತಾರೆ. ಸಂಜೆ ನೆನಪಿಸಿದರೆ "ಓಹ್, ನೋಡ್ತೀನಿ" ಅನ್ನುತ್ತಾರೆ. ಕೊನೆಗೆ ಅದು ಮತ್ತೆ ಹೊರಡುವಾಗಿನ ಬಿಲ್ಲೇ ಆಗುತ್ತದೆ, ಅದೇ ಹಾರ್ನು, ಅದೇ ಮುಖ.

ಮಕ್ಕಳದ್ದು ಇನ್ನೊಂದು ಕಥೆ. ನಮ್ಮ ಜನರ ತಲೆಯಲ್ಲಿ ಇರುವುದು ಕೆಎಸ್‌ಆರ್‌ಟಿಸಿ ಲೆಕ್ಕ. ಆರು ವರ್ಷದ ಒಳಗೆ ಟಿಕೆಟ್ ಇಲ್ಲ, ಹನ್ನೆರಡರವರೆಗೆ ಅರ್ಧ. ಏರ್‌ಬಿಎನ್‌ಬಿ ಲೆಕ್ಕದಲ್ಲಿ ಎರಡು ವರ್ಷ ತುಂಬಿದ ಮಗುವೂ ಒಬ್ಬ ಅತಿಥಿ. ಐದು ವರ್ಷದ ಮಗುವಿಗೆ ಪೂರ್ತಿ ದುಡ್ಡು ಬಿದ್ದದ್ದನ್ನು ನೋಡಿದ ಅಮ್ಮ ನನಗೇ ಫೋನು ಮಾಡಿ ಕೇಳುತ್ತಾರೆ, ಆ್ಯಪ್‌ನವರಿಗಲ್ಲ. ಬುಕಿಂಗ್.ಕಾಮ್‌ನಲ್ಲಿ ಮಕ್ಕಳ ವಯಸ್ಸಿಗೆ ತಕ್ಕ ಹಾಗೆ ಬೇರೆ ದರ ಇಡಬಹುದು, ಅಷ್ಟರ ಮಟ್ಟಿಗೆ ವಾಸಿ.

ತೆರಿಗೆಯ ಒಂದು ಮಾತು. ವರ್ಷದ ವಹಿವಾಟು 20 ಲಕ್ಷ ದಾಟದ ನಮ್ಮಂಥವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ಆ್ಯಪ್ ಮೂಲಕ ಹೋದ ರೂಮಿಗೆ ಆ್ಯಪ್‌ನವರೇ ತೆರಿಗೆ ಹಾಕಿ ಕಟ್ಟುತ್ತಾರೆ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಮೊದಲು ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 5 ಆಗಿದೆ. ಅದರ ಮೇಲೆ ಹೋದರೆ ಶೇ 18. ಇಡೀ ಮನೆಯನ್ನು ಒಂದೇ ಬುಕಿಂಗ್ ಆಗಿ ಕೊಡುವವರು, ಎಕ್ಸ್‌ಟ್ರಾ ಎಲ್ಲ ಸೇರಿ ಈ ಗೆರೆ ದಾಟುತ್ತದೆಯೋ ಅಂತ ತಮ್ಮ ಆಡಿಟರ್ ಹತ್ತಿರ ಕೇಳಿಕೊಳ್ಳುವುದು ಒಳ್ಳೆಯದು.

ಮುಂಗಡ ಠೇವಣಿ ಇಟ್ಟುಕೊಂಡು ಅದರಲ್ಲಿ ಹಿಡಿದುಕೊಳ್ಳುವವರೂ ಇದ್ದಾರೆ. ನಮಗೆ ಒಗ್ಗಲಿಲ್ಲ. ವಾಪಸ್ ಕೊಡುವಾಗ ಬಾತ್‌ರೂಮಿನ ಬಕೆಟ್ ಎಣಿಸುವುದು ನನಗೆ ಇಷ್ಟವಿಲ್ಲ.

ಈಗ ತಲೆ ಲೆಕ್ಕ. ವಾರದ ದಿನ ಒಬ್ಬರಿಗೆ 1,800, ಶನಿವಾರ ಭಾನುವಾರ 2,200. ಸಂಜೆ ಕಾಫಿ, ಬಜ್ಜಿ, ರಾತ್ರಿ ಊಟ, ಬೆಳಗಿನ ತಿಂಡಿ ಎಲ್ಲ ಇದರಲ್ಲೇ. ಹಾಸಿಗೆ ಎಷ್ಟು ಹಾಕಿದೆವು ಅನ್ನುವ ಮಾತೇ ಇಲ್ಲ. ಆರು ವರ್ಷದ ಒಳಗಿನವರಿಗೆ ಬಿಟ್ಟಿ, ಹನ್ನೆರಡರವರೆಗೆ ಅರ್ಧ. ಬಸ್ಸಿನ ಲೆಕ್ಕವನ್ನೇ ತೆಗೆದುಕೊಂಡೆವು, ಅಲ್ಲಿಂದ ಯಾರೂ ವಾದ ಮಾಡಿಲ್ಲ. ಡ್ರೈವರ್‌ಗೆ ಊಟ, ಮಲಗಲು ಜಾಗ, ಬಿಸಿನೀರು ಉಚಿತ. ಇದು ಧಾರಾಳತನ ಅಂದುಕೊಳ್ಳಬೇಡಿ. ಮುಂದಿನ ಸಲ ಬೇರೆ ಪಾರ್ಟಿಯನ್ನು ನಮ್ಮಲ್ಲಿಗೇ ಕರೆತರುವವನು ಅವನೇ.

ಈ ಪದ್ಧತಿಯಲ್ಲಿ ಜನ ತಾವಾಗಿಯೇ ಸಂಖ್ಯೆ ಹೇಳುತ್ತಾರೆ, ಅದೇ ಇದರ ಲಾಭ. "ಏಳು ಜನ ಅಕ್ಕ, ಅದರಲ್ಲಿ ಇಬ್ಬರು ವೆಜ್" ಅಂತ ಫೋನಿನಲ್ಲೇ ಬರುತ್ತದೆ. ಯಾಕೆಂದರೆ ಊಟದ ಮಾತು ಬಂದಾಗ ಯಾರೂ ತಲೆ ಕಡಿಮೆ ಹೇಳುವುದಿಲ್ಲ. ಕೋಳಿ ಸಾರು ಸಾಲದೆ ಹೋದರೆ ಅನ್ನುವ ಭಯ ಎಲ್ಲರಿಗೂ ಇರುತ್ತದೆ. ನಾನು ಅದೇ ಲೆಕ್ಕಕ್ಕೆ ಅರ್ಧ ದುಡ್ಡು ಮುಂಗಡ ತರಿಸಿಕೊಳ್ಳುತ್ತೇನೆ. ಅವರು ಬೆಂಗಳೂರಿನಲ್ಲಿರುವಾಗ, ಸಿಗ್ನಲ್ ಚೆನ್ನಾಗಿರುವಾಗ.

ಹುಳುಕು ಇಲ್ಲವೇ? ಇದೆ. ಗಂಡ ಹೆಂಡತಿ ಇಬ್ಬರೇ ಬಂದು, ಇಡೀ ದಿನ ದೇವರಮನೆ ಬೆಟ್ಟದ ಕಡೆ ಸುತ್ತಿ, ರಾತ್ರಿ ಎರಡು ಚಪಾತಿ ತಿಂದು ಮಲಗುವವರಿಗೆ ಇದು ದುಬಾರಿ. ಹತ್ತು ಜನ ಹುಡುಗರು ಬಂದರೆ ಚೌಕಾಸಿ ಶುರು, "ಗ್ರೂಪ್ ರೇಟ್ ಹೇಳಿ ಆಂಟಿ". ಅಕ್ಕಿ, ಎಣ್ಣೆ ರೇಟು ಏರಿದರೆ ಏಟು ನಮಗೆ. ಬಿಲ್ ಪದ್ಧತಿಯಲ್ಲಿ ಒಂದೊಂದು ಪಾರ್ಟಿಯಿಂದ ಬರುತ್ತಿದ್ದ ಸಾವಿರ, ಒಂದೂವರೆ ಸಾವಿರ ಮೇಲುಸಂಪಾದನೆಯೂ ಹೋಯಿತು.

ಬೇರೆಯಾಗಿ ದುಡ್ಡು ಇರುವುದು ಎರಡಕ್ಕೆ ಮಾತ್ರ. ಕ್ಯಾಂಪ್‌ಫೈರ್‌ಗೆ 500, ಕಟ್ಟಿಗೆಗೆ ಬೆಂಕಿ ಹಚ್ಚುವ ಮೊದಲೇ. ಮಳೆಗಾಲದಲ್ಲಿ ಅದೂ ಇಲ್ಲ. ಜೀಪ್ ಬೇಕು ಅಂದರೆ ನಂಬರ್ ಕೊಡುತ್ತೇನೆ, ದುಡ್ಡು ಜೀಪಿನವನಿಗೇ ಕೊಡಲಿ. ತಡವಾಗಿ ರೂಮು ಬಿಡುವವರಿಗೆ ಚಾರ್ಜ್ ಹಾಕುವುದನ್ನು ಬಿಟ್ಟೆವು. ಹನ್ನೊಂದಕ್ಕೆ ಕೆಲಸದವಳು ಬಂದು ಬಾಗಿಲ ಮುಂದೆ ಗುಡಿಸಲು ಶುರು ಮಾಡುತ್ತಾಳೆ, ಅಷ್ಟು ಸಾಕು.

ನೀವೇ ಅಡುಗೆ ಮಾಡುವವರಾದರೆ, ನಾಲ್ಕೈದು ರೂಮಿನ ಒಳಗಿದ್ದರೆ, ಬರುವವರು ಕುಟುಂಬದವರೇ ಆಗಿದ್ದರೆ ತಲೆ ಲೆಕ್ಕ ನೋಡಿ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಫ್ಲಾಟ್ ಬಾಡಿಗೆಗೆ ಬಿಟ್ಟು, ಬೀಗದ ಕೈ ಸೆಕ್ಯೂರಿಟಿ ಹತ್ತಿರ ಇಟ್ಟು, ಅತಿಥಿಯ ಮುಖವನ್ನೇ ನೋಡದವರಿಗೆ ಇದು ನಡೆಯುವುದಿಲ್ಲ. ಅವರು ಆ್ಯಪ್‌ನಲ್ಲೇ ಎಕ್ಸ್‌ಟ್ರಾ ದರ ಹಾಕಲಿ. ಬುಕಿಂಗ್ ಬಂದ ದಿನವೇ "ಒಟ್ಟು ಎಷ್ಟು ಜನ, ಮಕ್ಕಳೆಷ್ಟು" ಅಂತ ಒಂದು ಮೆಸೇಜ್ ಹಾಕಿ ಉತ್ತರ ಬರೆಸಿಕೊಳ್ಳಲಿ. ದಸರಾ ಹೊತ್ತಿಗೆ ಇಬ್ಬರ ಹೆಸರಲ್ಲಿ ಬುಕ್ ಮಾಡಿ ಆರು ಜನ ಬಂದಾಗ ತೋರಿಸಲು ಆ ಉತ್ತರ ಬೇಕಾಗುತ್ತದೆ.