ಮೋತಿಯ ಮಾತ್ರೆ: ಒಣಮೀನೋ, ಇಡ್ಲಿಯೋ, ಸಿರಿಂಜೋ, ಕೈಯೋ?

ನಮ್ಮ ನಾಯಿ ಮೋತಿಗೆ 11 ವರ್ಷ, ತೂಕ 12 ಕೆಜಿ. ಹೃದಯದ ಕವಾಟ ಸೋರಿ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಈಗ ದಿನಕ್ಕೆ ಎರಡು ಹೊತ್ತು ಎರಡು ಬಗೆಯ ಮಾತ್ರೆ. ಹೃದಯಕ್ಕೆ ಬಲ ಕೊಡಲು ಪಿಮೊಬೆಂಡಾನ್, ನೀರು ಇಳಿಸಲು ಫ್ಯೂರೋಸೆಮೈಡ್. ನುಂಗಿಸುವುದೇ ಕಷ್ಟ.

ಮೊದಲು ಒಣ ಬಂಗಡೆ. ಜೂನ್ ತಿಂಗಳು, ಬೈತಖೋಲ ಬಂದರಿನಲ್ಲಿ ದೋಣಿಗಳೆಲ್ಲ ದಡದಲ್ಲಿ, ಕಾರವಾರದ ಮನೆಮನೆಯಲ್ಲೂ ಒಣಮೀನು. ಚೂರಿನೊಳಗೆ ಇಟ್ಟರೆ ಮಾತ್ರೆ ಗುಳುಂ. ಇದಕ್ಕಿಂತ ಸುಲಭ ಯಾವುದೂ ಇರಲಿಲ್ಲ. ಆದರೆ ಒಣಮೀನು ಅಂದರೆ ಉಪ್ಪು, ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ. ಮಾತ್ರೆ ನೀರು ಇಳಿಸಬೇಕು, ಮೀನು ಏರಿಸಬೇಕು! ಡಾಕ್ಟರು ಕೇಳಿ ಹಣೆ ಚಚ್ಚಿಕೊಂಡರು.

ಆಮೇಲೆ ಉಪ್ಪಿಲ್ಲದ ಇಡ್ಲಿ. ಫ್ಯೂರೋಸೆಮೈಡ್‌ಗೆ ಅಡ್ಡಿಯಿಲ್ಲ. ಪಿಮೊಬೆಂಡಾನ್ ಮಾತ್ರ ಹೊಟ್ಟೆ ತುಂಬಿದ್ದರೆ ಸರಿಯಾಗಿ ಮೈಗೆ ಹತ್ತುವುದಿಲ್ಲ, ಊಟಕ್ಕೆ ಒಂದು ಗಂಟೆ ಮೊದಲೇ ಕೊಡಬೇಕು. ಅದೂ ಹೋಗಲಿ, ಮೋತಿ ಇಡ್ಲಿ ತಿಂದು ಮಾತ್ರೆ ಉಗುಳುವುದನ್ನು ಕಲಿತ. ಒಂದು ದಿನ ಗೋಣಿಚೀಲದ ಕೆಳಗೆ ಅಂಚು ಕರಗಿದ ಮಾತ್ರೆ ಸಿಕ್ಕಿತು. ಇವತ್ತಿನದೋ, ನಿನ್ನೆಯದೋ? ಇನ್ನೊಂದು ಕೊಟ್ಟೇಬಿಡೋಣ ಅಂತ ಕೈಯಲ್ಲಿ ಹಿಡಿದಿದ್ದೆ. ಸುಮ್ನೆ ಒಮ್ಮೆ ಫೋನ್ ಮಾಡಿದೆ, ಬಚಾವಾದೆ. ನುಂಗಿದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ ಮತ್ತೆ ಕೊಡಬಾರದಂತೆ. ಮುಂದಿನ ಹೊತ್ತಿಗೆ ಎಂದಿನಷ್ಟೇ ಕೊಡಬೇಕಂತೆ.

ಸಿರಿಂಜ್ ಒಂದೇ ದಿನಕ್ಕೆ ಮುಗಿಯಿತು. ಪುಡಿ ಮಾಡಿ ನೀರಲ್ಲಿ ಕಲಸಿ ಬಾಯಿಗೆ ಬಿಟ್ಟೆ. ಬಾಯಿತುಂಬ ನೊರೆ, ಅರ್ಧ ಔಷಧ ನನ್ನ ಲುಂಗಿ ಮೇಲೆ. ಒಳಗೆ ಹೋದದ್ದೆಷ್ಟು, ಯಾರಿಗೆ ಗೊತ್ತು?

ಈಗ ಕೈಯೇ. ಮೂತಿ ಸ್ವಲ್ಪ ಎತ್ತಿ, ಮಾತ್ರೆಯನ್ನು ನಾಲಿಗೆಯ ಬುಡದಲ್ಲಿ ಇಟ್ಟು, ಬಾಯಿ ಮುಚ್ಚಿ ಗಂಟಲು ಸವರುತ್ತೇನೆ. ಮೂಗು ನೆಕ್ಕಿಕೊಂಡ ಅಂದರೆ ನುಂಗಿದ. ಮೋತಿಗೆ ಇದು ಸ್ವಲ್ಪವೂ ಇಷ್ಟವಿಲ್ಲ, ಆದರೆ ಒಳಗೆ ಹೋಯಿತು ಅಂತ ನನಗೆ ಖಾತ್ರಿ ಇರುವುದು ಇದೊಂದರಲ್ಲೇ.

ಶಿರಸಿಯ ಅಕ್ಕನ ಬೆಕ್ಕಿಗೂ ಹೃದಯದ ಕಾಯಿಲೆ. ಅವಳು ಕೈಯಿಂದಲೇ ಕೊಡುತ್ತಾಳೆ, ಆದರೆ ಹಿಂದೆಯೇ ಸಿರಿಂಜ್‌ನಲ್ಲಿ ಸ್ವಲ್ಪ ನೀರು ಬಿಡುತ್ತಾಳೆ. ಬೆಕ್ಕಿಗೆ ಒಣ ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣಾಗಬಹುದು. ಮೋತಿಯ ಮಾತ್ರೆ ಅದಕ್ಕೂ ಆಗುತ್ತದಾ ಅಂತ ಒಮ್ಮೆ ಕೇಳಿದ್ದಳು. ಬೇಡ ಅಂದೆ. ಬೆಕ್ಕಿನ ಕಾಯಿಲೆಯೇ ಬೇರೆ, ಅಲ್ವಾ.

ಫ್ಯೂರೋಸೆಮೈಡ್ ಶುರುವಾದ ಮೇಲೆ ಮೋತಿಗೆ ಬಾಯಾರಿಕೆ ಜಾಸ್ತಿ, ಅಂಗಳಕ್ಕೆ ಓಡಾಟವೂ ಜಾಸ್ತಿ. ನೀರಿನ ಬಟ್ಟಲು ಮಾತ್ರ ಖಾಲಿ ಬಿಡುವುದಿಲ್ಲ. ರಾತ್ರಿ ನಿದ್ದೆ ಹತ್ತಿದ ಮೇಲೆ ಪಕ್ಕದಲ್ಲಿ ಕೂತು ಉಸಿರು ಎಣಿಸುತ್ತೇನೆ. ನಿಮಿಷಕ್ಕೆ 30 ದಾಟಿದರೆ ಡಾಕ್ಟರಿಗೆ ಫೋನ್. ನಿನ್ನೆ 22 ಇತ್ತು.